ಹಳೆ ನ್ಯಾಸ್‌ಗೆ ಎಸ್‌ಎಸ್‌ಡಿ ಹಾಕಿದರೆ ಉಪಯೋಗ ಇದೆಯಾ, ಸುಮ್ನೆ ದುಡ್ಡು ದಂಡವಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ನಮ್ಮ ಮನೆಯಲ್ಲಿ ಸಿನಾಲಜಿ ಕಂಪನಿಯ ಡಿಎಸ್216ಜೆ ನ್ಯಾಸ್ ಇದೆ, ಅಂದ್ರೆ ಮನೆಯ ನೆಟ್‌ವರ್ಕ್‌ಗೆ ಸೇರಿಸಿ ಎಲ್ಲರ ಫೈಲ್ ಇಡುವ ಡಬ್ಬ. 2016ರ ಮಾಡೆಲ್. ಒಳಗೆ 4 ಟಿಬಿಯ ಎರಡು ಹಾರ್ಡ್ ಡಿಸ್ಕ್, ರೇಡ್ 1 (ಎರಡರಲ್ಲೂ ಒಂದೇ ಡೇಟಾ). ತುಂಬಿರುವುದು ಒಂದೂವರೆ ಟಿಬಿಗಿಂತ ಕಡಿಮೆ. ಮನೆಯವರ ಫೋಟೋ, ಮದುವೆ ವಿಡಿಯೋ, ಪಹಣಿ ಪತ್ರಗಳ ಸ್ಕ್ಯಾನ್, ಅಪ್ಪ ಕ್ಯಾಸೆಟ್‌ನಿಂದ ಇಳಿಸಿಟ್ಟ ತಾಳಮದ್ದಳೆ ರೆಕಾರ್ಡಿಂಗ್, ಇಷ್ಟೇ.

ಮೊದಲ ತೊಂದರೆ ಸದ್ದು. ಡಬ್ಬ ಟಿವಿ ಪಕ್ಕ ಇದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಟಕಟ ಅಂತ ಶುರು ಮಾಡುತ್ತದೆ. ಅಪ್ಪ ಹಾಲ್‌ನಲ್ಲೇ ಮಲಗುವುದು, ಬೆಳಿಗ್ಗೆ ಎದ್ದರೆ ಇದೇ ದೂರು. ಎರಡನೆಯದು ನಿಧಾನ. ಲ್ಯಾಪ್‌ಟಾಪ್‌ನಿಂದ ವಿಡಿಯೋ ಹಾಕಿದರೆ ಸೆಕೆಂಡಿಗೆ 11 ಎಂಬಿ, ಅದಕ್ಕಿಂತ ಮೇಲೆ ಹೋಗುವುದೇ ಇಲ್ಲ. ಅಡ್ಮಿನ್ ಪೇಜ್ ತೆರೆಯೋಕೆ ಕೊಟ್ಟು ಕಾಫಿ ಕುಡಿದು ಬರಬಹುದು. ಹೊಸ ಫೋಟೋ ಹಾಕಿದರೆ ಥಂಬ್‌ನೇಲ್ ಬರುವುದು ಮರುದಿನ.

2 ಟಿಬಿಯ ಎರಡು ಸಾಟಾ ಕನೆಕ್ಟರ್‌ನ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ಚಿಪ್‌ನಲ್ಲೇ ಬರೆಯುವ ಡಿಸ್ಕ್) ಹಾಕೋಣ ಅಂತ ಮನಸ್ಸಿದೆ. ಈ ಹಳೆ ಡಬ್ಬಕ್ಕೆ ಅದು ಹೊಂದುತ್ತದಾ? ಸ್ಪೀಡ್ ಜಾಸ್ತಿ ಆಗುತ್ತದಾ? ಒಂದೊಂದೇ ಡಿಸ್ಕ್ ಬಿಚ್ಚಿ ಬದಲಾಯಿಸಿದರೆ ಸಾಕಾ? ಮಾಡಿ ನೋಡಿದವರು ಹೇಳಿ.

ಡಬ್ಬಿ ರಿಪೇರಿ

ಹೊಂದುತ್ತದೆ. ಸಾಟಾ ಅಂದ್ರೆ ಸಾಟಾನೇ, ಹಾರ್ಡ್ ಡಿಸ್ಕ್ ಕೂರುವ ಕಡೆ ಎಸ್‌ಎಸ್‌ಡಿನೂ ಕೂರುತ್ತದೆ. ಆದರೆ ಸ್ಪೀಡ್ ಆಸೆ ಇಟ್ಟುಕೊಳ್ಳಬೇಡಿ. ಆ ಮಾಡೆಲ್‌ನಲ್ಲಿ ಇರುವುದು 1 ಗಿಗಾಹರ್ಟ್ಸ್‌ನ ಎರಡು ಕೋರ್ ಮಾರ್ವೆಲ್ ಪ್ರೊಸೆಸರ್, 512 ಎಂಬಿ ರ‍್ಯಾಮ್. ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದು, ಹೆಚ್ಚಿಸೋಕೂ ಬರಲ್ಲ.

ನಾಲ್ಕನೇ ಅಡ್ಡರಸ್ತೆ

ಹೊಸ ನ್ಯಾಸ್ ತಗೊಳ್ಳಿ ಸರ್. ಮುಗೀತು.

ಸರ್ವರ್ ರೂಮು

ಒಂದು ನಿಮಿಷ. ಎಲ್ಲರೂ ಎಸ್‌ಎಸ್‌ಡಿ ಹಿಂದೆ ಬಿದ್ದಿದ್ದೀರಿ, ಆ 11 ಎಂಬಿ ಯಾರ ಕಣ್ಣಿಗೂ ಬೀಳಲಿಲ್ವಾ?

ಅದು ಡಿಸ್ಕಿನ ಸ್ಪೀಡ್ ಅಲ್ಲ. ತೀರಾ ಸುಸ್ತಾದ ಹಾರ್ಡ್ ಡಿಸ್ಕ್ ಕೂಡ ದೊಡ್ಡ ಫೈಲನ್ನು ಸೆಕೆಂಡಿಗೆ 100 ಎಂಬಿ ಮೇಲೆಯೇ ಓದಿ ಬರೆಯುತ್ತದೆ. 11ರಲ್ಲಿ ಗೆರೆ ಎಳೆದ ಹಾಗೆ ನಿಂತಿದೆ ಅಂದ್ರೆ ನಿಮ್ಮ ಲೈನ್ ಎಲ್ಲೋ 100 ಎಂಬಿಪಿಎಸ್‌ಗೆ ಇಳಿದಿದೆ. 100 ಮೆಗಾಬಿಟ್ ಅಂದ್ರೆ ಲೆಕ್ಕಕ್ಕೆ 12.5 ಮೆಗಾಬೈಟ್, ಕೈಗೆ ಸಿಗುವುದು 11ರ ಹತ್ತಿರ. ಗಿಗಾಬಿಟ್ ಸರಿಯಾಗಿ ಸಿಕ್ಕಿದ್ದರೆ 110 ಆಸುಪಾಸು ಬರಬೇಕಿತ್ತು. ಆ ಡಬ್ಬದ ಕಂಪನಿಯೇ ಓದುವುದಕ್ಕೆ 112 ಎಂಬಿ ಅಂತ ಹೇಳಿಕೊಂಡಿತ್ತು.

ಕಂಟ್ರೋಲ್ ಪ್ಯಾನಲ್‌ಗೆ ಹೋಗಿ ನೆಟ್‌ವರ್ಕ್, ಅದರಲ್ಲಿ ನೆಟ್‌ವರ್ಕ್ ಇಂಟರ್‌ಫೇಸ್ ತೆರೆಯಿರಿ. ಲ್ಯಾನ್ ಮುಂದೆ 1000 ಅಂತ ಇದೆಯಾ, 100 ಅಂತ ಇದೆಯಾ, ಹೇಳಿ. ಅಲ್ಲಿಯವರೆಗೆ ಒಂದು ರೂಪಾಯಿನೂ ಖರ್ಚು ಮಾಡಬೇಡಿ.

ತುಂಗಾತೀರ

ನೋಡಿದೆ. 100 ಎಂಬಿಪಿಎಸ್, ಫುಲ್ ಡುಪ್ಲೆಕ್ಸ್ ಅಂತ ಇದೆ! ಇಂಟರ್‌ನೆಟ್‌ನವರು ಕೊಟ್ಟ ಫೈಬರ್ ಬಾಕ್ಸ್‌ಗೇ ನೇರ ಹಾಕಿರುವುದು. ಬೇರೆ ರೌಟರ್ ಇಲ್ಲ.

ಸರ್ವರ್ ರೂಮು

ಸಿಕ್ಕಿತು. ಕಡಿಮೆ ಬೆಲೆಯ ಫೈಬರ್ ಬಾಕ್ಸ್‌ಗಳಲ್ಲಿ ನಾಲ್ಕು ಪೋರ್ಟ್ ಇದ್ದರೂ ಗಿಗಾಬಿಟ್ ಇರುವುದು ಒಂದೇ, ಉಳಿದ ಮೂರು 100ರವು. ಇಂಥ ಬಾಕ್ಸ್ ಊರ ತುಂಬ ಇವೆ. ಸಾಮಾನ್ಯವಾಗಿ ಆ ಒಂದು ಪೋರ್ಟಿನ ಬಣ್ಣ ಬೇರೆ ಇರುತ್ತದೆ, ಇಲ್ಲ ಪಕ್ಕದಲ್ಲಿ ಜಿಇ ಅಂತ ಬರೆದಿರುತ್ತದೆ. ಅಲ್ಲಿಗೆ ಬದಲಾಯಿಸಿ ನೋಡಿ.

ಪೇಟೆಬೀದಿ ಪುಟ್ಟಣ್ಣ

ಕೇಬಲ್ಲನ್ನೂ ನೋಡಿ ಸರ್. ಮನೆ ವೈರಿಂಗ್ ಮಾಡುವವರು ಎಷ್ಟೋ ಸಲ ಎಂಟು ತಂತಿಯಲ್ಲಿ ನಾಲ್ಕೇ ತಂತಿ ಕ್ರಿಂಪ್ ಮಾಡಿ ಹೋಗಿರುತ್ತಾರೆ. ನೆಟ್ ಬರುತ್ತದೆ, ಯಾರಿಗೂ ಗೊತ್ತಾಗಲ್ಲ. ಗಿಗಾಬಿಟ್‌ಗೆ ಎಂಟೂ ಬೇಕು. ಪ್ಲಗ್ ಪಾರದರ್ಶಕವಾಗಿರುತ್ತದೆ, ಬೆಳಕಿಗೆ ಹಿಡಿದು ಒಳಗಿನ ಬಣ್ಣ ಎಣಿಸಿದರೆ ಸಾಕು.

ಕಡಲತಡಿ

ಉಡುಪಿ ಕಡೆಯವ ನಾನು. ಇದೇ ಕೆಲಸ ಹೋದ ವರ್ಷ ಮಾಡಿದ್ದೇನೆ, ಇದೇ ತರದ ಎರಡು ಡಿಸ್ಕಿನ ಹಳೆ ಡಬ್ಬಕ್ಕೆ. ಸದ್ದಿನ ವಿಷಯದಲ್ಲಿ ಮಾತೇ ಇಲ್ಲ ಮಾರಾಯ್ರೆ, ಸಂಪೂರ್ಣ ನಿಂತಿತು. ಉಳಿದದ್ದು ಫ್ಯಾನ್ ಮಾತ್ರ, ಅದನ್ನು ಕ್ವಯಟ್ ಮೋಡ್‌ಗೆ ಹಾಕಿದರೆ ಕಿವಿಗೆ ಬೀಳುವುದೇ ಕಷ್ಟ. ಎಸ್‌ಎಸ್‌ಡಿ ಬಿಸಿಯೂ ಕಡಿಮೆ ಕೊಡುವುದರಿಂದ ಫ್ಯಾನ್ ಜೋರಾಗಿ ತಿರುಗುವ ಪ್ರಮೇಯ ಬರುವುದಿಲ್ಲ.

ಸ್ಪೀಡ್ ಬಗ್ಗೆ: ದೊಡ್ಡ ಫೈಲ್ ಕಾಪಿ ಮಾಡುವಾಗ ಮೊದಲಿನಷ್ಟೇ. ವ್ಯತ್ಯಾಸ ಸೊನ್ನೆ. ಆದರೆ ಅಡ್ಮಿನ್ ಪೇಜ್, ಫೋಲ್ಡರ್ ತೆರೆಯುವುದು, ಸಾವಿರಾರು ಸಣ್ಣ ಫೈಲ್ ಇರುವ ಕಡೆ ಹುಡುಕುವುದು, ಇವು ಕಣ್ಣಿಗೆ ಕಾಣುವಷ್ಟು ಚುರುಕಾದವು.

ಒಂದು ಎಚ್ಚರಿಕೆ. 2.5 ಇಂಚಿನ ಎಸ್‌ಎಸ್‌ಡಿಯನ್ನು 3.5 ಇಂಚಿನ ಜಾಗಕ್ಕೆ ಕೂರಿಸಲು ಬ್ರಾಕೆಟ್ ಬೇಕು. ಪಿಸಿಗೆ ಅಂತ ಸಿಗುವ ಅಗ್ಗದ ಬ್ರಾಕೆಟ್ ತಂದರೆ ಎಸ್‌ಎಸ್‌ಡಿ ನಡುಮಧ್ಯೆ ಕೂರುತ್ತದೆ. ಪಿಸಿಯಲ್ಲಿ ಕೇಬಲ್ ಇರುತ್ತದೆ, ಎಲ್ಲಿ ಕೂತರೂ ಎಳೆದು ಸಿಕ್ಕಿಸಬಹುದು. ನ್ಯಾಸ್‌ನಲ್ಲಿ ಕೇಬಲ್ ಇಲ್ಲ, ಡಿಸ್ಕನ್ನು ಹಿಂದಿನ ಬೋರ್ಡಿನ ಕನೆಕ್ಟರ್‌ಗೆ ನೇರ ತಳ್ಳುವುದು. ಬ್ರಾಕೆಟ್ ಮಧ್ಯೆ ಕೂರಿಸಿದರೆ ಕನೆಕ್ಟರ್ ಎದುರು ಬದುರು ಆಗುವುದೇ ಇಲ್ಲ. ಸಾಟಾ ಬಾಯಿ 3.5 ಇಂಚಿನ ಡಿಸ್ಕಿನಲ್ಲಿ ಎಲ್ಲಿರುತ್ತದೋ ಅದೇ ಮೂಲೆಗೆ ಬರುವ ಬ್ರಾಕೆಟ್ ಕೇಳಿ ತಗೊಳ್ಳಿ. ನ್ಯಾಸ್‌ಗೆ ಅಂತಲೇ ಬೇರೆ ಸಿಗುತ್ತದೆ.

ಡಬ್ಬಿ ರಿಪೇರಿ

ಬ್ರಾಕೆಟ್ ಇಲ್ಲದೆ ಸುಮ್ನೆ ಕನೆಕ್ಟರ್‌ಗೆ ಸಿಕ್ಕಿಸಿ ಬಿಟ್ಟರೂ ನಡೆಯುತ್ತದೆ. ಹಗುರ ಇರುತ್ತದೆ, ತಿರುಗುವ ಭಾಗ ಇಲ್ಲ.

ಕಡಲತಡಿ

ನಡೆಯುತ್ತದೆ, ಮನೆಯಲ್ಲಿ ಯಾರೂ ಡಬ್ಬ ಎತ್ತಿ ಧೂಳು ಒರೆಸದಿದ್ದರೆ. ನಮ್ಮಲ್ಲಿ ಒರೆಸುತ್ತಾರೆ.

ಬಿಸಿಲೂರು

ಸ್ಪೀಡ್ ಯಾಕೆ ಹೆಚ್ಚಲ್ಲ ಅಂತ ಅರ್ಥ ಆಗಲಿಲ್ಲ. ಎಸ್‌ಎಸ್‌ಡಿ 550 ಎಂಬಿ ಕೊಡುತ್ತದೆ ಅಂತ ಅದರ ಪ್ಯಾಕೆಟ್ ಮೇಲೇ ಬರೆದಿರುತ್ತದಲ್ರೀ?

ಸರ್ವರ್ ರೂಮು

ಎಸ್‌ಎಸ್‌ಡಿ ಕೊಡುತ್ತದೆ, ಸರಿ. ಹೊರಗೆ ಬರುವ ದಾರಿ ಗಿಗಾಬಿಟ್, ಅದರ ತುದಿಯೇ 125. ಟೆರೇಸಿನ ಮೇಲೆ ದೊಡ್ಡ ಟ್ಯಾಂಕ್ ಇಟ್ಟು ಅರ್ಧ ಇಂಚಿನ ಪೈಪ್ ಇಳಿಸಿದ ಹಾಗೆ.

ಹಾರ್ಡ್ ಡಿಸ್ಕ್ ಸೋಲುವುದು ಬೇರೆ ಕಡೆ. ಅದರ ಮುಳ್ಳು ಒಂದು ಕಡೆಯಿಂದ ಇನ್ನೊಂದು ಕಡೆ ಹಾರಬೇಕು. ಸೆಕೆಂಡಿಗೆ ನೂರರ ಆಸುಪಾಸು ಸಲ ಹಾರಿದರೆ ಹೆಚ್ಚು. ಎಸ್‌ಎಸ್‌ಡಿಗೆ ಹಾರುವ ಕೆಲಸವೇ ಇಲ್ಲ, ಅಂಥ ಸಣ್ಣ ಕೆಲಸಗಳನ್ನು ಸೆಕೆಂಡಿಗೆ ಹತ್ತಾರು ಸಾವಿರ ಮಾಡುತ್ತದೆ. ಶಿವಮೊಗ್ಗದವರು ಹೇಳಿದ ಕಟಕಟ ಇದೆಯಲ್ಲ, ಅದು ಆ ಮುಳ್ಳು ಹಾರುವ ಸದ್ದೇ. ಮಧ್ಯರಾತ್ರಿ ಯಾಕೆ ಅಂದ್ರೆ ಫೋಟೋ ಇಂಡೆಕ್ಸಿಂಗ್, ಲಾಗ್ ಬರೆಯುವುದು, ಅಪ್‌ಡೇಟ್ ಹುಡುಕುವುದು, ಎಲ್ಲ ಆಗಲೂ ನಡೀತಾ ಇರುತ್ತದೆ.

ಇನ್ನೊಂದು. 512 ಎಂಬಿ ರ‍್ಯಾಮ್ ಯಾವಾಗಲೂ ತುಂಬಿರುತ್ತದೆ. ತುಂಬಿದ್ದು ಡಿಸ್ಕಿನಲ್ಲಿರುವ ಸ್ವಾಪ್ ಜಾಗಕ್ಕೆ ಹೋಗುತ್ತದೆ. ಅಡ್ಮಿನ್ ಪೇಜ್ ಎಳೆದಾಡುವುದು ಬಹುಪಾಲು ಅದರಿಂದಲೇ. ಆ ಸ್ವಾಪ್ ಎಸ್‌ಎಸ್‌ಡಿ ಮೇಲೆ ಬಂದರೆ ಪೇಜ್ ಚುರುಕಾಗುತ್ತದೆ. ಕಡಲತಡಿಯವರು ಕಂಡದ್ದು ಇದನ್ನೇ.

ಡಬ್ಬಿ ರಿಪೇರಿ

ಆದರೆ ಥಂಬ್‌ನೇಲ್ ಬೇಗ ಬರಲ್ಲ. ಅದು ಪ್ರೊಸೆಸರ್ ಕೆಲಸ. ಮೊದಲು ರಿಸೋರ್ಸ್ ಮಾನಿಟರ್ ತೆರೆದಿಟ್ಟು ಒಂದಷ್ಟು ಫೋಟೋ ಹಾಕಿ. ಸಿಪಿಯು 100 ಮುಟ್ಟಿ ನಿಂತರೆ ಎಸ್‌ಎಸ್‌ಡಿಯಿಂದ ಏನೂ ಆಗಲ್ಲ. ಐಒ ವೇಟ್ (ಡಿಸ್ಕಿಗೆ ಕಾಯುವ ಸಮಯ) ಜಾಸ್ತಿ ತೋರಿಸಿದರೆ ಆಗ ಡಿಸ್ಕನ್ನು ಬೈಯಿರಿ.

ಸ್ಟುಡಿಯೋ ಹಾಸನ

ನಾನು ಮದುವೆ ಫೋಟೋ ವಿಡಿಯೋದವನು. ಒಂದು ಸೀಸನ್‌ನಲ್ಲಿ ಬರುವ ಡೇಟಾ ನೋಡಿದರೆ ಎಸ್‌ಎಸ್‌ಡಿ ನನ್ನ ಲೆಕ್ಕಕ್ಕೇ ಬರಲ್ಲ. ಅದೇ ದುಡ್ಡಿಗೆ ಹಾರ್ಡ್ ಡಿಸ್ಕಿನಲ್ಲಿ ಎಷ್ಟೋ ಪಟ್ಟು ಜಾಗ ಸಿಗುತ್ತದೆ. ಎಡಿಟಿಂಗ್ ಮಾಡುವಾಗ ಕಂಪ್ಯೂಟರ್ ಒಳಗೆ ಎಸ್‌ಎಸ್‌ಡಿ, ಮುಗಿದ ಮೇಲೆ ನ್ಯಾಸ್‌ನ ಹಾರ್ಡ್ ಡಿಸ್ಕಿಗೆ. ಇದೇ ಸರಿ ಅಂತ ನನ್ನ ವಾದ. ಮನೆಯಲ್ಲಿ ಸದ್ದಾಗುತ್ತದೆ ಅಂದ್ರೆ ಡಬ್ಬವನ್ನು ಬೇರೆ ರೂಮಿಗೆ ಎತ್ತಿಡಿ. ಹತ್ತು ಮೀಟರ್ ಕೇಬಲ್ ಎಸ್‌ಎಸ್‌ಡಿಗಿಂತ ಅಗ್ಗ.

ತುಂಗಾತೀರ

ಬೇರೆ ರೂಮು ಅಂದ್ರೆ ದೇವರ ಮನೆ ಒಂದೇ ಉಳಿದಿರುವುದು ಸರ್. ಅಮ್ಮ ಬಿಡಲ್ಲ.

ಬಿಸಿಲೂರು

ಊದಿನಕಡ್ಡಿ ಹೊಗೆಗೆ ಫ್ಯಾನ್ ಹಾಳಾಗುತ್ತದೆ, ಅಮ್ಮ ಹೇಳಿದ್ದೇ ಸರಿ 😄

ಪೇಟೆಬೀದಿ ಪುಟ್ಟಣ್ಣ

ಹಾಸನದ ಸರ್, ಹೊಸ ಹಾರ್ಡ್ ಡಿಸ್ಕ್ ತಗೊಳ್ಳುವಾಗ ಸಿಎಂಆರ್ (ಬರೆಯುವ ಸಾಲುಗಳು ಒಂದರ ಮೇಲೊಂದು ಹತ್ತದ ಮಾದರಿ) ಹೌದಾ ಅಂತ ನೋಡಿ. 2020ರಲ್ಲಿ ದೊಡ್ಡ ಗಲಾಟೆ ಆಗಿತ್ತು. ವೆಸ್ಟರ್ನ್ ಡಿಜಿಟಲ್‌ನವರು ನ್ಯಾಸ್‌ಗೆ ಅಂತ ಮಾರುವ ರೆಡ್ ಡಿಸ್ಕ್‌ಗಳಲ್ಲಿ 2ರಿಂದ 6 ಟಿಬಿವರೆಗಿನ ಕೆಲವು ಎಸ್‌ಎಂಆರ್ ಅಂತ ಗೊತ್ತಾಗಿ ಜನ ಹೊಡೆದಾಟಕ್ಕೇ ನಿಂತರು. ಎಸ್‌ಎಂಆರ್‌ನಲ್ಲಿ ಬರೆಯುವ ಸಾಲುಗಳು ಒಂದರ ಮೇಲೊಂದು ಹತ್ತಿರುತ್ತವೆ, ರೇಡ್ ಮತ್ತೆ ಕಟ್ಟುವಾಗ ವಿಪರೀತ ನಿಧಾನ. ಆಮೇಲೆ ಅವರು ಸಿಎಂಆರ್ ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಅಂತ ಬೇರೆ ಹೆಸರಿಟ್ಟರು.

ಅತ್ತಿಗುಪ್ಪೆ

ಮುಖ್ಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಒಂದೊಂದೇ ಡಿಸ್ಕ್ ಬದಲಾಯಿಸಬಹುದಾ ಅಂತ ಕೇಳಿದ್ದಾರೆ. ಆಗಲ್ಲ. ಈಗ ಇರುವುದು 4 ಟಿಬಿ, ಹಾಕುವುದು 2 ಟಿಬಿ. ರೇಡ್ 1ರಲ್ಲಿ ಹೊಸ ಡಿಸ್ಕ್ ಹಳೆಯದರಷ್ಟೇ ಇರಬೇಕು, ಇಲ್ಲ ದೊಡ್ಡದಿರಬೇಕು. ಒಳಗೆ ಒಂದೂವರೆ ಟಿಬಿನೇ ತುಂಬಿದೆ ಅಂದ್ರೂ ಅದು ಕೇಳಲ್ಲ. 4 ಟಿಬಿ ಎಸ್‌ಎಸ್‌ಡಿ ತಗೊಂಡರೆ ಮಾತ್ರ ಒಂದು ತೆಗೆದು ಒಂದು ಹಾಕಿ, ರಿಪೇರ್ ಒತ್ತಿ, ಮುಗಿದ ಮೇಲೆ ಇನ್ನೊಂದನ್ನು ಹಾಗೇ ಮಾಡಬಹುದು.

2 ಟಿಬಿಗೆ ದಾರಿ ಬೇರೆ. ಹೊರಗಿನ ಯುಎಸ್‌ಬಿ ಡಿಸ್ಕಿಗೆ ಸಿನಾಲಜಿಯ ಹೈಪರ್ ಬ್ಯಾಕಪ್ ಆ್ಯಪ್‌ನಿಂದ ಎಲ್ಲವನ್ನೂ ಇಳಿಸಿಕೊಳ್ಳಿ. ಆ ಯುಎಸ್‌ಬಿ ಡಿಸ್ಕನ್ನು ನ್ಯಾಸ್‌ನಲ್ಲೇ ಲಿನಕ್ಸ್‌ನ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿಕೊಂಡರೆ ಒಳ್ಳೆಯದು, ವಿಂಡೋಸ್‌ನ ಎನ್‌ಟಿಎಫ್‌ಎಸ್ ಈ ಪ್ರೊಸೆಸರ್‌ಗೆ ಭಾರ. ಕಾನ್ಫಿಗರೇಶನ್ ಬ್ಯಾಕಪ್ ಫೈಲನ್ನು ಲ್ಯಾಪ್‌ಟಾಪ್‌ಗೆ ಇಳಿಸಿಡಿ. ಆಮೇಲೆ ಆಫ್ ಮಾಡಿ ಎರಡೂ ಹಾರ್ಡ್ ಡಿಸ್ಕ್ ಬಿಚ್ಚಿ, 1, 2 ಅಂತ ಬರೆದು ಪಕ್ಕಕ್ಕೆ ಇಡಿ. ಎಸ್‌ಎಸ್‌ಡಿ ಎರಡನ್ನೂ ಹಾಕಿ ಆನ್ ಮಾಡಿದರೆ ಹೊಸ ಡಬ್ಬದ ಹಾಗೆ ಆಪರೇಟಿಂಗ್ ಸಿಸ್ಟಮ್ ಇನ್‌ಸ್ಟಾಲ್ ಮಾಡಿಸಿಕೊಳ್ಳುತ್ತದೆ. ವಾಲ್ಯೂಮ್ ಕಟ್ಟಿ, ಬ್ಯಾಕಪ್ ರಿಸ್ಟೋರ್ ಮಾಡಿ.

ಇದರಲ್ಲಿ ಒಂದು ಲಾಭ ಇದೆ. ಹಳೆ ಹಾರ್ಡ್ ಡಿಸ್ಕ್‌ಗಳು ಡೇಟಾ ಸಮೇತ ಹಾಗೇ ಉಳಿಯುತ್ತವೆ. ಏನಾದರೂ ಕೈಕೊಟ್ಟರೆ ವಾಪಸ್ ಹಾಕಿದರೆ ಮೊದಲಿನಂತೆ ಏಳುತ್ತದೆ. ಹೊಸದರಲ್ಲಿ ಫೈಲ್‌ಗಳನ್ನು ತೆರೆದು ನೋಡುವವರೆಗೆ ಅವನ್ನು ಅಳಿಸಬೇಡಿ.

ನಾಲ್ಕನೇ ಅಡ್ಡರಸ್ತೆ

ಇಷ್ಟೆಲ್ಲ ಮಾಡುವ ಬದಲು ಹೊಸ ನ್ಯಾಸ್ ತಗೊಳ್ಳಿ ಅಂತ ನಾನು ಆಗಲೇ ಹೇಳಿದೆ.

ಅತ್ತಿಗುಪ್ಪೆ

ಹೊಸ ನ್ಯಾಸ್ ತಗೊಂಡರೂ ಡಿಸ್ಕ್ ಬೇಕಲ್ಲ ಸ್ವಾಮಿ. ಡಿಸ್ಕ್ ಖರ್ಚು ತಪ್ಪಲ್ಲ. ಎಸ್‌ಎಸ್‌ಡಿ ಈಗ ತಗೊಂಡರೆ ನಾಳೆ ಹೊಸ ಡಬ್ಬಕ್ಕೂ ಅದೇ ಆಗುತ್ತದೆ.

ಓಕ್ಲೆಂಡ್ ಕನ್ನಡಿಗ

ಇಲ್ಲಿ ಹೊಸ ಸಿನಾಲಜಿ ತಗೊಳ್ಳೋಣ ಅಂತ ಕೂತಿದ್ದೆ. 2025ರ ಏಪ್ರಿಲ್‌ನಲ್ಲಿ ಅವರು ಹೊಸ ಪ್ಲಸ್ ಮಾಡೆಲ್‌ಗಳಿಗೆ ತಮ್ಮದೇ ಬ್ರ್ಯಾಂಡಿನ, ಇಲ್ಲ ತಾವು ಒಪ್ಪಿದ ಡಿಸ್ಕ್ ಮಾತ್ರ ಅಂತ ನಿಯಮ ತಂದರು. ಜನ ತರಾಟೆಗೆ ತಗೊಂಡರು. ಅಕ್ಟೋಬರ್‌ನಲ್ಲಿ ಅವರ ಆಪರೇಟಿಂಗ್ ಸಿಸ್ಟಮ್ ಡಿಎಸ್‌ಎಂ 7.3 ಬಂದಾಗ ಬೇರೆ ಕಂಪನಿ ಡಿಸ್ಕ್‌ಗಳಿಗೆ ಮತ್ತೆ ದಾರಿ ಬಿಟ್ಟರು. ಅಷ್ಟರಲ್ಲಿ ನಾನು ಹಳೆ ಪಿಸಿಯನ್ನೇ ನ್ಯಾಸ್ ಮಾಡುವ ಟ್ರೂನ್ಯಾಸ್ ಸಾಫ್ಟ್‌ವೇರ್ ಹಾಕಿಕೊಂಡೆ. ನೀವೂ ಹಾಗೇ ಮಾಡಬಹುದಲ್ವಾ?

ಡಬ್ಬಿ ರಿಪೇರಿ

ಅಣ್ಣ, ಅವರ ತಂದೆ ಕಟಕಟ ಸದ್ದಿಗೇ ನಿದ್ದೆ ಕೆಡಿಸಿಕೊಂಡಿದ್ದಾರೆ, ನೀವು ಹಾಲ್‌ನಲ್ಲಿ ಟವರ್ ಪಿಸಿ ಇಡಿ ಅಂತೀರಿ.

ಬಿಸಿಲೂರು

ಕರೆಂಟ್ ಬಿಲ್ ಲೆಕ್ಕ ಯಾರೂ ಹಾಕಲಿಲ್ಲ. ಎಸ್‌ಎಸ್‌ಡಿಗೆ ಕಡಿಮೆ ಅಂತಾರೆ, ಎಷ್ಟು ಉಳಿಯುತ್ತದೆ?

ಪೇಟೆಬೀದಿ ಪುಟ್ಟಣ್ಣ

ತಿರುಗುತ್ತಿರುವ 3.5 ಇಂಚಿನ ಡಿಸ್ಕ್ ಸುಮಾರು 4ರಿಂದ 6 ವ್ಯಾಟ್ ತಿನ್ನುತ್ತದೆ. ಸುಮ್ಮನಿರುವ ಎಸ್‌ಎಸ್‌ಡಿ ಒಂದು ವ್ಯಾಟ್ ಕೂಡ ಇಲ್ಲ. ಎರಡು ಡಿಸ್ಕಿಗೆ ಸೇರಿ 8 ವ್ಯಾಟ್ ಉಳಿಯಿತು ಅಂತ ಹಿಡಿಯಿರಿ. ವರ್ಷವಿಡೀ ಹಗಲು ರಾತ್ರಿ ಓಡಿದರೆ 70 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಾಕಿದರೂ ವರ್ಷಕ್ಕೆ 490 ರೂಪಾಯಿ. ಕರೆಂಟ್ ಉಳಿಸೋಕೆ ಅಂತ ಎಸ್‌ಎಸ್‌ಡಿ ತಗೊಂಡರೆ ಹಾಕಿದ ದುಡ್ಡು ಮೊಮ್ಮಕ್ಕಳ ಕಾಲಕ್ಕೆ ವಾಪಸ್ ಬರಬಹುದು.

ಬಿಸಿಲೂರು

ನಮ್ಮದು ಗೃಹಜ್ಯೋತಿ, ಸೊನ್ನೆ ಬಿಲ್. ಆ ಸಣ್ಣ ಲಾಭವೂ ಇಲ್ಲ ಹಾಗಾದ್ರೆ.

ಪೇಟೆಬೀದಿ ಪುಟ್ಟಣ್ಣ

200 ಯೂನಿಟ್ ಗಡಿಯಲ್ಲಿ ಒದ್ದಾಡುವ ಮನೆಗೆ ತಿಂಗಳಿಗೆ ಆರು ಯೂನಿಟ್ ಉಳಿಯುವುದೂ ದೊಡ್ಡದೇ ನೋಡಿ. ಬೇಸಿಗೆಯಲ್ಲಿ ಕೂಲರ್ ಹಾಕುವವರನ್ನು ಕೇಳಿ.

ಹಳೇ ಹುಲಿ

ಎಸ್‌ಎಸ್‌ಡಿ ನಂಬಬೇಡಿ. ಅದಕ್ಕೆ ಬರೆಯುವ ಮಿತಿ ಇದೆ. ನ್ಯಾಸ್ ದಿನವಿಡೀ ಬರೆಯುತ್ತಿರುತ್ತದೆ, ಎರಡೇ ವರ್ಷಕ್ಕೆ ಢಮಾರ್. ಕರೆಂಟ್ ಇಲ್ಲದೆ ಒಂದು ವರ್ಷ ಇಟ್ಟರೆ ಡೇಟಾ ಆವಿಯಾಗುತ್ತದೆ. ಹಾರ್ಡ್ ಡಿಸ್ಕ್ ಆದರೆ ಸಾಯುವ ಮುಂಚೆ ಸದ್ದು ಮಾಡಿ ಹೇಳುತ್ತದೆ.

ಸರ್ವರ್ ರೂಮು

ಮಿತಿ ಇದೆ, ಆದರೆ ಲೆಕ್ಕ ಹಾಕಿ ಸರ್. ಸ್ಯಾಮ್‌ಸಂಗ್ 870 ಈವೋದ 2 ಟಿಬಿ ಮಾಡೆಲ್‌ಗೆ ಕಂಪನಿ ಕೊಡುವ ಬರೆಯುವ ಮಿತಿ 1200 ಟೆರಾಬೈಟ್. ಮನೆಯ ನ್ಯಾಸ್ ದಿನಕ್ಕೆ 20 ಜಿಬಿ ಬರೆಯುತ್ತದೆ ಅಂತ ಧಾರಾಳವಾಗಿ ಹಿಡಿದರೂ 160 ವರ್ಷ ದಾಟುತ್ತದೆ. ಒಳಗೆ ನಿಜವಾಗಿ ಬರೆಯುವುದು ಇದಕ್ಕಿಂತ ಜಾಸ್ತಿ ಇರುತ್ತದೆ, ಅದಕ್ಕೆ ಕಾಲು ಭಾಗಕ್ಕೆ ಇಳಿಸಿ. ಆದರೂ 40 ವರ್ಷ. ಅಷ್ಟರಲ್ಲಿ ಬೇರೆ ಏನಾದರೂ ಕೆಟ್ಟಿರುತ್ತದೆ.

ಒಂದು ವರ್ಷದ ಮಾತು ಚಿಪ್ ಉದ್ಯಮದ ಜೆಡೆಕ್ ಸಂಸ್ಥೆಯ ಮಾನದಂಡದ್ದು. ಅದರಲ್ಲಿ ಹೇಳಿರುವುದು, ಬರೆಯುವ ಮಿತಿ ಪೂರ್ತಿ ಮುಗಿಸಿದ ಎಸ್‌ಎಸ್‌ಡಿ ಕೂಡ 30 ಡಿಗ್ರಿಯಲ್ಲಿ, ಕರೆಂಟ್ ಇಲ್ಲದೆ ಒಂದು ವರ್ಷ ಡೇಟಾ ಹಿಡಿದಿರಬೇಕು ಅಂತ. ಹೊಸ ಎಸ್‌ಎಸ್‌ಡಿಯ ಮಾತಲ್ಲ. ಮೇಲಾಗಿ ನ್ಯಾಸ್ ಸದಾ ಆನ್ ಇರುತ್ತದೆ.

ಬೀರುವಿನಲ್ಲಿ ವರ್ಷಗಟ್ಟಲೆ ಇಡುವ ಬ್ಯಾಕಪ್‌ಗೆ ಎಸ್‌ಎಸ್‌ಡಿ ಬೇಡ, ಹಾರ್ಡ್ ಡಿಸ್ಕೇ ಇರಲಿ ಅನ್ನುವುದನ್ನು ಒಪ್ಪುತ್ತೇನೆ.

ಹಳೇ ಹುಲಿ

ಸದ್ದು ಮಾಡಿ ಹೇಳುತ್ತದೆ ಅಂದೆನಲ್ಲ, ಅದಕ್ಕೆ ಉತ್ತರ ಇಲ್ಲ.

ಸರ್ವರ್ ರೂಮು

ಅದು ನಿಜ. ಎಸ್‌ಎಸ್‌ಡಿ ಹೋಗುವಾಗ ಹೇಳದೆ ಕೇಳದೆ ಹೋಗುವುದೇ ಹೆಚ್ಚು. ಅದಕ್ಕೇ ಎರಡನ್ನೂ ಒಂದೇ ಕಂಪನಿಯದು, ಒಂದೇ ದಿನ ತಗೊಳ್ಳಬೇಡಿ ಅನ್ನುವುದು. 2019ರಲ್ಲಿ ಸರ್ವರ್ ಮಾರುವ ಎಚ್‌ಪಿಇ ಕಂಪನಿಯವರೇ ಪ್ರಕಟಣೆ ಹೊರಡಿಸಿದ್ದರು. ಅವರ ಕೆಲವು ಸರ್ವರ್ ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ ಓಡಿದ ಮೇಲೆ ಫರ್ಮ್‌ವೇರ್ (ಡಿಸ್ಕಿನೊಳಗಿನ ಸಾಫ್ಟ್‌ವೇರ್) ದೋಷದಿಂದ ಸತ್ತು ಹೋಗುತ್ತಿದ್ದವು. ಮೂರು ವರ್ಷ ಒಂಬತ್ತು ತಿಂಗಳು ಅಂದುಕೊಳ್ಳಿ. ಒಟ್ಟಿಗೆ ಆನ್ ಮಾಡಿದ್ದರೆ ರೇಡ್‌ನ ಎರಡೂ ಒಟ್ಟಿಗೇ ಸಾಯುತ್ತವೆ. ರೇಡ್ ಇದ್ದು ಏನು ಬಂತು?

ಒಂದು ಒಂದು ಕಂಪನಿದು, ಇನ್ನೊಂದು ಬೇರೆ ಕಂಪನಿದು. ಗಾತ್ರ ಮಾತ್ರ ನೋಡಿಕೊಳ್ಳಿ. 1920, 2000, 2048 ಜಿಬಿ ಅಂತ ಬೇರೆ ಬೇರೆ ಇರುತ್ತವೆ, ರೇಡ್ ಚಿಕ್ಕದರ ಲೆಕ್ಕ ಹಿಡಿಯುತ್ತದೆ.

ಡಬ್ಬಿ ರಿಪೇರಿ

ಜೊತೆಗೆ ಕ್ಯೂಎಲ್‌ಸಿ ಬೇಡ, ಟಿಎಲ್‌ಸಿ ಕೇಳಿ. ಕ್ಯೂಎಲ್‌ಸಿ ಒಂದು ಕೋಶದಲ್ಲಿ ನಾಲ್ಕು ಬಿಟ್ ತುರುಕುತ್ತದೆ, ಟಿಎಲ್‌ಸಿ ಮೂರೇ. ಮೊದಲ ಒಂದಷ್ಟು ಜಿಬಿ ಚೆನ್ನಾಗಿ ಓಡುತ್ತದೆ, ಕ್ಯಾಶ್ ತುಂಬಿದ ಮೇಲೆ ಹಾರ್ಡ್ ಡಿಸ್ಕಿಗಿಂತ ಕೆಳಗೆ ಇಳಿಯುವುದೂ ಉಂಟು. ಒಂದೂವರೆ ಟಿಬಿ ರಿಸ್ಟೋರ್ ಮಾಡುವಾಗ ಅದು ಗೊತ್ತಾಗುತ್ತದೆ.

ಕಡಲತಡಿ

ಇದನ್ನು ಒಪ್ಪುವುದಿಲ್ಲ. ಹಾಡು, ಫೋಟೋ ಒಂದು ಸಲ ಬರೆದು ನೂರು ಸಲ ಓದುವ ಮನೆಗೆ ಕ್ಯೂಎಲ್‌ಸಿ ಸಾಕು. ನನ್ನದು ಅದೇ, ಏನೂ ತೊಂದರೆ ಇಲ್ಲ. ರಿಸ್ಟೋರ್ ರಾತ್ರಿ ಹಾಕಿ ಮಲಗಿ.

ಡಬ್ಬಿ ರಿಪೇರಿ

ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇದ್ದರೆ ಸರಿ. ಈಗ ಇಲ್ಲ. 2025ರ ಕೊನೆಯಿಂದ ಮೆಮೊರಿ ಬೆಲೆ ಮೇಲೆ ಮೇಲೆ ಹೋಗುತ್ತಿದೆ, ಎಐ ಕಂಪನಿಗಳ ಡೇಟಾ ಸೆಂಟರ್ ಎಲ್ಲವನ್ನೂ ಎಳೆದುಕೊಳ್ಳುತ್ತಿವೆ. ಮೈಕ್ರಾನ್ ಕ್ರೂಶಿಯಲ್ ಬ್ರ್ಯಾಂಡನ್ನೇ ಮುಚ್ಚುವುದಾಗಿ ಡಿಸೆಂಬರ್‌ನಲ್ಲಿ ಹೇಳಿತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬೆಳಿಗ್ಗೆ ಕೇಳಿದ ರೇಟು ಸಂಜೆಗೆ ಇರಲ್ಲ.

ಮಲೆನಾಡ ಮಳೆ

ಶಿವಮೊಗ್ಗ ಅಂದ್ರಲ್ಲ, ಸಿಡಿಲಿನ ಬಗ್ಗೆ ಯೋಚಿಸಿದ್ದೀರಾ? ನಮ್ಮ ತೀರ್ಥಹಳ್ಳಿ ಕಡೆ ಏಪ್ರಿಲ್, ಮೇ ಬಂತು ಅಂದ್ರೆ ರೌಟರ್ ಸುಡದ ಮನೆ ಇಲ್ಲ. ಎಸ್‌ಎಸ್‌ಡಿಗೆ ಹಾಕುವ ದುಡ್ಡಲ್ಲಿ ಮೊದಲು ಒಂದು ಯುಪಿಎಸ್ ತಗೊಳ್ಳಿ. ಯುಎಸ್‌ಬಿ ಇರುವುದು ತಗೊಂಡರೆ ಬ್ಯಾಟರಿ ಇಳಿದಾಗ ನ್ಯಾಸ್ ತಾನೇ ನೀಟಾಗಿ ಆಫ್ ಆಗುತ್ತದೆ. ಮಾಮೂಲಿ ಎಸ್‌ಎಸ್‌ಡಿಗಳಲ್ಲಿ ಕರೆಂಟ್ ಹೋದಾಗ ಕೈಯಲ್ಲಿದ್ದದ್ದನ್ನು ಬರೆದು ಮುಗಿಸುವ ಕೆಪಾಸಿಟರ್ ಇರಲ್ಲ, ಸರ್ವರ್ ಮಾಡೆಲ್‌ಗಳಲ್ಲಿ ಇರುತ್ತದೆ.

ತುಂಗಾತೀರ

ಮನೆಗೆ ಇನ್ವರ್ಟರ್ ಇದೆಯಲ್ಲ ಮೇಡಂ, ಸಾಕಾಗಲ್ವಾ?

ಮಲೆನಾಡ ಮಳೆ

ಇನ್ವರ್ಟರ್ ಮೇಲೆ ಒಂದು ಸ್ವಿಚ್ ಇರುತ್ತದೆ ನೋಡಿ, ಯುಪಿಎಸ್ ಮೋಡ್ ಅಂತ. ಅದರಲ್ಲಿ ಇದ್ದರೆ ಬೇಗ ಬದಲಾಗುತ್ತದೆ, ಡಬ್ಬ ಆಫ್ ಆಗಲ್ಲ. ಇನ್ನೊಂದು ಮೋಡ್‌ನಲ್ಲಿದ್ದರೆ ಫ್ಯಾನ್, ಲೈಟಿಗೆ ಗೊತ್ತಾಗಲ್ಲ, ನ್ಯಾಸ್ ಮಾತ್ರ ಪಟ್ ಅಂತ ರೀಸ್ಟಾರ್ಟ್. ಆದರೆ ಬ್ಯಾಟರಿ ಮುಗಿಯುತ್ತಿದೆ ಅಂತ ನ್ಯಾಸ್‌ಗೆ ತಿಳಿಸುವ ವ್ಯವಸ್ಥೆ ಇನ್ವರ್ಟರ್‌ಗೆ ಇಲ್ಲ. ಗುಡುಗು ಶುರುವಾದ ತಕ್ಷಣ ಪ್ಲಗ್ ಕಿತ್ತಿಡುವುದೇ ನಮ್ಮ ಕಡೆಯ ಪದ್ಧತಿ. ಲ್ಯಾನ್ ಕೇಬಲ್ಲನ್ನೂ ಕೀಳಿ, ಸಿಡಿಲು ಅದರಲ್ಲೂ ಬರುತ್ತದೆ.

ಕಡಲತಡಿ

ಸಿಡಿಲಿಗಿಂತ ಇರುವೆ ಕಾಟ ಜಾಸ್ತಿ ನಮ್ಮಲ್ಲಿ. ಮಳೆಗಾಲದಲ್ಲಿ ಬೆಚ್ಚಗಿದೆ ಅಂತ ಡಬ್ಬದೊಳಗೇ ಸಂಸಾರ ಹೂಡುತ್ತವೆ. ರೌಟರ್ ಬಿಚ್ಚಿದರೆ ಮೊಟ್ಟೆ.

ಬಿಸಿಲೂರು

ನಮ್ಮಲ್ಲಿ ಹಲ್ಲಿ. ಇನ್ವರ್ಟರ್ ಒಳಗೆ ಹೋಗಿ ತಾನೂ ಸತ್ತು, ಬೋರ್ಡನ್ನೂ ಸಾಯಿಸಿತು.

ಓಕ್ಲೆಂಡ್ ಕನ್ನಡಿಗ

ಹಲ್ಲಿ ವಿಷಯ ಬಿಡಿ, ಗಂಭೀರದ ಮಾತೊಂದಿದೆ. ಆ ನ್ಯಾಸ್ ಇಂಟರ್‌ನೆಟ್‌ಗೆ ತೆರೆದಿದೆಯಾ? ಹಳೆ ಡಬ್ಬಕ್ಕೆ ಹೊಸ ಡಿಸ್ಕ್ ಹಾಕಿ ಇನ್ನೂ ಎಂಟು ವರ್ಷ ಓಡಿಸುವ ಯೋಚನೆ ಇದ್ದರೆ ಇದನ್ನು ಮೊದಲು ನೋಡಿ. ವೆಸ್ಟರ್ನ್ ಡಿಜಿಟಲ್‌ನವರ ಮೈ ಬುಕ್ ಲೈವ್ ಡಬ್ಬಗಳಿಗೆ 2015ಕ್ಕೇ ಅಪ್‌ಡೇಟ್ ನಿಂತಿತ್ತು. 2021ರ ಜೂನ್‌ನಲ್ಲಿ ಯಾರೋ ದೂರದಿಂದಲೇ ಅವಕ್ಕೆ ಫ್ಯಾಕ್ಟರಿ ರೀಸೆಟ್ ಕೊಟ್ಟರು, ಜನರ ಫೋಟೋ ಎಲ್ಲ ಒಂದೇ ಏಟಿಗೆ ಖಾಲಿ. ಮರುವರ್ಷ ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳಿಗೆ ಡೆಡ್‌ಬೋಲ್ಟ್ ಅನ್ನುವ ಕಳ್ಳ ಸಾಫ್ಟ್‌ವೇರ್ ಬಂತು, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಹೊರಗಿನಿಂದ ನ್ಯಾಸ್‌ಗೆ ದಾರಿ ಬಿಟ್ಟಿದ್ದರೆ ಇವತ್ತೇ ತೆಗೆಯಿರಿ.

ನಾಲ್ಕನೇ ಅಡ್ಡರಸ್ತೆ

ಅದಕ್ಕೇ ಹೇಳಿದ್ದು, ಹೊಸ ನ್ಯಾಸ್.

ತುಂಗಾತೀರ

ಎಲ್ಲರಿಗೂ ಥ್ಯಾಂಕ್ಸ್. ಮೊದಲು ಪೋರ್ಟ್ ಬದಲಾಯಿಸಿದೆ, ಆದರೂ 100 ಅಂತಲೇ ಬಂತು. ಪುಟ್ಟಣ್ಣನವರು ಹೇಳಿದ ಹಾಗೆ ಪ್ಲಗ್ ಬೆಳಕಿಗೆ ಹಿಡಿದರೆ ಕಿತ್ತಳೆ, ಹಸಿರು ಜೋಡಿ ಬಿಟ್ಟು ಬೇರೆ ಏನೂ ಇಲ್ಲ! ನೀಲಿ, ಕಂದು ತಂತಿಗಳನ್ನು ಹೊರಗೇ ಕತ್ತರಿಸಿ ಬಿಟ್ಟಿದ್ದಾರೆ. ಅಂಗಡಿಯಿಂದ ಕ್ಯಾಟ್ 6 ರೆಡಿ ಕೇಬಲ್ ತಂದು ಹಾಕಿದೆ. ಈಗ 1000 ಅಂತ ಬಂದಿದೆ. ಕೇಬಲ್ ಹಾಕಿದ ಲ್ಯಾಪ್‌ಟಾಪ್‌ನಿಂದ ದೊಡ್ಡ ವಿಡಿಯೋ ಕಾಪಿ ಮಾಡಿದರೆ ಸೆಕೆಂಡಿಗೆ 90ರ ಮೇಲೆ. ಅದೇ ಹಳೆ ಹಾರ್ಡ್ ಡಿಸ್ಕ್!

ಫೋಟೋ ಹಾಕಿ ರಿಸೋರ್ಸ್ ಮಾನಿಟರ್ ನೋಡಿದೆ. ಸಿಪಿಯು 100ಕ್ಕೆ ಅಂಟಿಕೊಂಡೇ ಇದೆ. ಅದರ ಆಸೆ ಬಿಟ್ಟೆ. ಪೋರ್ಟ್ ಫಾರ್ವರ್ಡ್ ಇರಲಿಲ್ಲ, ಪುಣ್ಯ.

ಆದರೆ ಸದ್ದು ಹಾಗೇ ಇದೆಯಲ್ಲ. ಅಪ್ಪನಿಗೆ ಸೆಕೆಂಡಿಗೆ 90 ಎಂಬಿ ಬಂದರೆ ನಿದ್ದೆ ಬರಲ್ಲ.

ಸ್ಟುಡಿಯೋ ಹಾಸನ

ಹಾಗಾದ್ರೆ ದುಡ್ಡು ಹಾಕುವ ಮುಂಚೆ ಬಿಟ್ಟಿ ದಾರಿ ನೋಡಿ. ಬೇಡದ ಪ್ಯಾಕೇಜ್‌ಗಳನ್ನೆಲ್ಲ ನಿಲ್ಲಿಸಿ. ಡಿಸ್ಕ್ ಹೈಬರ್ನೇಶನ್ 20 ನಿಮಿಷಕ್ಕೆ ಇಡಿ. ರಾತ್ರಿ ಹನ್ನೊಂದಕ್ಕೆ ಆಫ್, ಬೆಳಿಗ್ಗೆ ಆರಕ್ಕೆ ಆನ್ ಅಂತ ಪವರ್ ಶೆಡ್ಯೂಲ್ ಹಾಕಬಹುದು. ಮಲಗಿದ ಮೇಲೆ ಯಾರು ಫೋಟೋ ನೋಡುತ್ತಾರೆ?

ತುಂಗಾತೀರ

ತಂಗಿ ಕೆನಡಾದಲ್ಲಿದ್ದಾಳೆ ಸರ್. ನಮ್ಮ ರಾತ್ರಿ ಅವಳ ಹಗಲು. ಅವಳ ಫೋನಿನ ಫೋಟೋ ವಿಪಿಎನ್ ಮೂಲಕ ಬರುವುದೇ ಆಗ. ಕಟಕಟ ಅನ್ನುವುದೂ ಆಗಲೇ ಅಂತ ಈಗ ಹೊಳೆಯಿತು.

ಅತ್ತಿಗುಪ್ಪೆ

ಅಲ್ಲಿಗೆ ಎಸ್‌ಎಸ್‌ಡಿಗೆ ನಿಜವಾದ ಕಾರಣ ಸಿಕ್ಕಿತು. ತಗೊಳ್ಳಿ, ಆದರೆ ಸದ್ದಿಗೆ ಅಂತ ತಗೊಳ್ಳಿ, ಸ್ಪೀಡಿಗೆ ಅಲ್ಲ. ಹಳೆಯ ಎರಡು ಹಾರ್ಡ್ ಡಿಸ್ಕ್ ಮಾರಬೇಡಿ. ಒಂದನ್ನು ಹಾಗೇ ಎತ್ತಿಡಿ. ಇನ್ನೊಂದನ್ನು, ಎಲ್ಲ ಸರಿಹೋದ ಮೇಲೆ, ಯುಎಸ್‌ಬಿ ಡಾಕ್‌ಗೆ ಹಾಕಿ ವಾರಕ್ಕೊಮ್ಮೆ ಬ್ಯಾಕಪ್ ಮಾಡಿ ಬೇರೆ ಮನೆಯಲ್ಲಿಡಿ. 3.5 ಇಂಚಿನದಕ್ಕೆ 12 ವೋಲ್ಟ್ ಅಡಾಪ್ಟರ್ ಇರುವ ಡಾಕೇ ಬೇಕು. ರೇಡ್ ಇದೆ ಅಂತ ಬ್ಯಾಕಪ್ ಬಿಟ್ಟವರ ಕಥೆ ಇಲ್ಲಿ ಬೇಕಾದಷ್ಟಿವೆ.

ತುಂಗಾತೀರ

ಹಾಗೇ ಮಾಡುತ್ತೇನೆ. ಬೇರೆ ಬೇರೆ ಕಂಪನಿಯ ಎರಡು 2 ಟಿಬಿ ಟಿಎಲ್‌ಸಿ, ಮೂಲೆಗೆ ಕೂರುವ ಬ್ರಾಕೆಟ್, ಒಂದು ಸಣ್ಣ ಯುಪಿಎಸ್. ಬ್ಯಾಕಪ್ ಡಿಸ್ಕ್ ಸಾಗರದ ಅತ್ತೆ ಮನೆಗೆ. ಹಾಕಿದ ಮೇಲೆ ಟ್ರಿಮ್ (ಅಳಿಸಿದ ಜಾಗ ಯಾವುದು ಅಂತ ಎಸ್‌ಎಸ್‌ಡಿಗೆ ತಿಳಿಸುವುದು) ಏನಾದರೂ ಆನ್ ಮಾಡಬೇಕಾ?

ಸರ್ವರ್ ರೂಮು

ಸ್ಟೋರೇಜ್ ಮ್ಯಾನೇಜರ್‌ನಲ್ಲಿ ವಾಲ್ಯೂಮ್ ಸೆಟ್ಟಿಂಗ್ ತೆರೆಯಿರಿ. ಎಸ್‌ಎಸ್‌ಡಿ ಟ್ರಿಮ್ ಆಯ್ಕೆ ಕಂಡರೆ ವಾರಕ್ಕೊಮ್ಮೆ ನಡೆಯುವ ಹಾಗೆ ಸಮಯ ಕೊಡಿ. ಕೆಲವು ಚಿಕ್ಕ ಮಾಡೆಲ್‌ಗಳಲ್ಲಿ ಆಯ್ಕೆಯೇ ಇರಲ್ಲ. ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಒಂದಷ್ಟು ಜಾಗ ಖಾಲಿ ಬಿಟ್ಟುಕೊಳ್ಳಿ. ನಿಮ್ಮ ಬಳಕೆಗೆ ವ್ಯತ್ಯಾಸ ಗೊತ್ತಾಗಲ್ಲ.

ಬಿಸಿಲೂರು

ಬ್ರಾಕೆಟ್ ಜೊತೆ ಸ್ಕ್ರೂ ಬರುತ್ತದಾ? ನಾನೂ ಒಂದು ತರಿಸೋಣ ಅಂತ.

ಕಡಲತಡಿ

ಬಂದರೂ ನೋಡಿ ಹಾಕಿ. ಎಸ್‌ಎಸ್‌ಡಿಗೆ ಸಣ್ಣ ಎಂ3 ಸ್ಕ್ರೂ, 3.5 ಇಂಚಿನ ಹಾರ್ಡ್ ಡಿಸ್ಕಿಗೆ ಅದಕ್ಕಿಂತ ದಪ್ಪದ್ದು. ದಪ್ಪದ್ದನ್ನು ಎಸ್‌ಎಸ್‌ಡಿಗೆ ಒತ್ತಿ ತಿರುಗಿಸಿದರೆ ಥ್ರೆಡ್ ಹೋಗುತ್ತದೆ, ಆಮೇಲೆ ವಾರಂಟಿಯವರು ಅದನ್ನೇ ಹಿಡಿದುಕೊಂಡು ಮಾತಾಡುತ್ತಾರೆ.

ನಾಲ್ಕನೇ ಅಡ್ಡರಸ್ತೆ

ಹೊಸ ನ್ಯಾಸ್‌ನಲ್ಲಿ ಸ್ಕ್ರೂನೇ ಇಲ್ಲ, ಟ್ರೇ ಬರುತ್ತದೆ.

ಕಡಲತಡಿ

2.5 ಇಂಚಿನದಕ್ಕೆ ಆ ಟ್ರೇಗೂ ಸ್ಕ್ರೂ ಬೇಕು ಮಾರಾಯ್ರೆ.